ಸಂಕದ ಆಚೆಗಿನ ಮನೆಗಳಿಗೆ ಆರೈಕೆ ತಲುಪಿಸಿದ ಬಗೆ

ಬೆಳ್ತಂಗಡಿ ತಾಲ್ಲೂಕಿನಲ್ಲಿ ಮನೆಮನೆಗೆ ಹೋಗಿ ಫಿಸಿಯೊಥೆರಪಿ ಕೊಡುವ ಕೆಲಸಕ್ಕೆ ಇಳಿದಾಗ ನನ್ನ ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರು ಕೊಳೆರೋಗಕ್ಕೆ ಮದ್ದು ಬಿಡಲು ಇಲ್ಲವೇ ಕೊನೆ ಕೊಯ್ಯಲು ಅಡಿಕೆ ಮರ ಏರಿ, ಜಾರಿ ಬಿದ್ದು, ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಜೀವ ಹಿಂಡುತ್ತಿದ್ದುದು ಒಂದೇ ಕಡೆ ಭಾರ ಬಿದ್ದು ಆಗುವ ಒತ್ತಡದ ಹುಣ್ಣು ಮತ್ತು ಮೂತ್ರದ ಸೋಂಕು.

ನಾನು ವಾರಕ್ಕೊಮ್ಮೆ ಹೋಗಿ ವ್ಯಾಯಾಮ ಮಾಡಿಸಿ ಬರುತ್ತಿದ್ದೆ. ಒಂದು ಮನೆಗೆ ತೋಟದೊಳಗಿನ ಸಂಕ, ಅಂದರೆ ಕಾಲುಸೇತುವೆ, ದಾಟಿಯೇ ಹೋಗಬೇಕು. ಮಳೆಗೆ ಸಂಕ ಮುಳುಗಿ ಎರಡು ವಾರ ಬಿಟ್ಟು ಹೋದಾಗ ಆ ಮನೆಯ ರೋಗಿಯ ಬೆನ್ನಿನ ಬುಡದಲ್ಲಿ ಅಂಗೈಯಗಲದ ಹುಣ್ಣಾಗಿತ್ತು. “ಅವರಿಗೆ ನೋವೇ ಗೊತ್ತಾಗುವುದಿಲ್ಲವಲ್ಲ ಡಾಕ್ಟ್ರೇ, ವಾಸನೆ ಬಂದ ಮೇಲೆ ನೋಡಿದೆ” ಎಂದು ಹೆಂಡತಿ ಅತ್ತರು. ತಪ್ಪು ಅವರದಲ್ಲ, ಏನನ್ನು ನೋಡಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ.

ಅಂದಿನಿಂದ ಭೇಟಿಯ ಅರ್ಧ ಸಮಯವನ್ನು ಮನೆಯವರಿಗೆ ಕಲಿಸಲು ಮೀಸಲಿಟ್ಟೆ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡುವುದು, ಬೆಳಿಗ್ಗೆ ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡುವುದು, ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಕಂಡರೆ ಆ ಭಾಗಕ್ಕೆ ಭಾರ ಬೀಳದಂತೆ ಮಾಡಿ ಕೂಡಲೇ ತಿಳಿಸುವುದು, ಮೂತ್ರ ಹೊರಬಿಡುವ ನಳಿಕೆಯನ್ನು (ಕ್ಯಾಥೆಟರ್) ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು: ಇವನ್ನು ಅವರ ಕೈಯಲ್ಲೇ ಮಾಡಿಸಿ ನೋಡುತ್ತಿದ್ದೆ.

ಆದರೂ ನಾನೊಬ್ಬಳು ಎಷ್ಟು ಮನೆ ಮುಟ್ಟಬಲ್ಲೆ? ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ ಆಶಾ ಕಾರ್ಯಕರ್ತೆಯರನ್ನೂ ಜೊತೆಗೆ ಕರೆದೊಯ್ಯತೊಡಗಿದೆ. ಸಭಾಂಗಣದ ತರಬೇತಿಗಿಂತ ರೋಗಿಯ ಮಂಚದ ಪಕ್ಕದ ಅರ್ಧ ಗಂಟೆ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡಿದ್ದ ಒಬ್ಬ ಕಾರ್ಯಕರ್ತರ ಮಾತಿಗೆ ಮನೆಗಳಲ್ಲಿ ನನ್ನ ಮಾತಿಗಿಂತ ಹೆಚ್ಚು ತೂಕವಿತ್ತು. ಹಾಸಿಗೆ ಹಿಡಿದವರನ್ನೇ ಹೊತ್ತು ತನ್ನಿ ಎಂದು ಒಂದು ಕಚೇರಿ ಹಟ ಹಿಡಿದಾಗ, ನಾಲ್ಕು ಬಾರಿ ಅಲೆದು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗಾಗಿ ವೈದ್ಯರು ಮನೆಗೇ ಬರುವಂತೆ ಮಾಡಿದವರೂ ಅವರೇ.

ಆರೈಕೆ ಮಾಡುವವರ ಕೂಲಿಯ ನಷ್ಟಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ನಾನು ಹೋಗುತ್ತಿದ್ದ ಮನೆಗಳಿಗೆ ಅದು ತಲುಪಿರಲಿಲ್ಲ.

ಸಂಕದಾಚೆಯ ಮನೆಯ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಈಗ ಅವರು ಜಗಲಿಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಅಡಿಕೆ ಹೆಕ್ಕಿ ಗೋಟು, ಪಟೋರ ಎಂದು ದರ್ಜೆವಾರು ಬೇರೆ ಮಾಡುತ್ತಾರೆ. ನಡುನಡುವೆ ಎರಡೂ ಕೈ ಊರಿ ಮೈ ಎತ್ತಿ, ತುಸು ಹೊತ್ತು ಹಾಗೇ ಇದ್ದು, ಮತ್ತೆ ಕೂರುತ್ತಾರೆ.