ಹಳೆಯ ವಸ್ತು ಕೊಳ್ಳಲು ಅನುದಾನ: ಅರ್ಜಿಯಲ್ಲಿ ಬೆಲೆಗಿಂತ ಮೊದಲು ಬರಬೇಕಾದದ್ದು

ಮಾನ್ವಿ ಸೀಮೆಯ ಮನೆತನವೊಂದರ ಅಟ್ಟದಲ್ಲಿರುವ ಓಲೆಗರಿ ಕಟ್ಟು, ಕೊಪ್ಪಳದ ಕಡೆಯ ತೊಗಲುಗೊಂಬೆ ಪೆಟ್ಟಿಗೆ, ಬಳ್ಳಾರಿ ರಂಗಭೂಮಿಯ ಹಳೆಯ ಕರಪತ್ರ ಮತ್ತು ಛಾಯಾಚಿತ್ರಗಳು ಮಾರಾಟಕ್ಕೆ ಬಂದಾಗ, ಅವನ್ನು ಊರಲ್ಲೇ ಉಳಿಸಿಕೊಳ್ಳಬೇಕೆಂಬ ಹಂಬಲದಿಂದ ಕಾಲೇಜಿನ ಸಂಗ್ರಹಾಲಯಗಳೂ ಸಣ್ಣ ಟ್ರಸ್ಟ್‌ಗಳೂ ಅನುದಾನಕ್ಕೆ ಅರ್ಜಿ ಹಾಕುತ್ತವೆ. ಇಂಥ ಅರ್ಜಿಗಳ ಮೊದಲ ಪುಟದಲ್ಲೇ ಬೆಲೆ ಎದ್ದು ಕಾಣುತ್ತದೆ. ಆದರೆ ಹಣ ಕೊಡುವವರು ಮೊದಲು ಕೇಳುವುದು ಬೇರೆ: ವಸ್ತು ಯಾರದು, ಅದನ್ನು ಕೊಳ್ಳಲು ಕಾನೂನು ಒಪ್ಪುತ್ತದೆಯೇ, ಕೊಂಡ ಮೇಲೆ ಅದು ನಿಮ್ಮಲ್ಲಿ ಸುರಕ್ಷಿತವಾಗಿ ಉಳಿಯುತ್ತದೆಯೇ.

ಆದ್ದರಿಂದ ಮೊದಲ ಹೆಜ್ಜೆ ಕಾನೂನಿನ ಪರಿಶೀಲನೆ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಚಿತ್ರಗಳಂಥವು ಪುರಾತನ ವಸ್ತುಗಳು. ಹಸ್ತಪ್ರತಿ ಮತ್ತು ದಾಖಲೆಗಳಿಗೆ ಈ ಮಿತಿ 75 ವರ್ಷ. ಇವುಗಳಲ್ಲಿ ಅಧಿಸೂಚಿತ ವರ್ಗಗಳಿಗೆ ಸೇರಿದವು ನೋಂದಣಿಯಾಗಿರಬೇಕು, ಕೈ ಬದಲಾದರೆ ನೋಂದಣಾಧಿಕಾರಿಗೆ ತಿಳಿಸಬೇಕು, ವ್ಯಾಪಾರಿಯಿಂದ ಕೊಳ್ಳುವುದಾದರೆ ಅವರ ಬಳಿ ಪರವಾನಗಿ ಇರಬೇಕು. ಸಂಗನಕಲ್ಲು, ಮಸ್ಕಿ, ಹಿರೇಬೆಣಕಲ್‌ಗಳಂಥ ಪ್ರಾಚೀನ ನೆಲೆಗಳಿರುವ ನಮ್ಮ ಸೀಮೆಯಲ್ಲಿ ಹೊಲ ಉಳುವಾಗಲೋ ಪಾಯ ತೋಡುವಾಗಲೋ ಏನಾದರೂ ಸಿಗುವುದು ಅಪರೂಪವಲ್ಲ. ಹಾಗೆ ನೆಲದಿಂದ ಬಂದದ್ದು ಖರೀದಿಯ ವಿಷಯವೇ ಅಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆಯಡಿ ಅದನ್ನು ಜಿಲ್ಲಾಡಳಿತದ ಗಮನಕ್ಕೆ ತರಬೇಕು.

ತೊಗಲುಗೊಂಬೆಗಳ ವಿಷಯದಲ್ಲಿ ಹೆಚ್ಚು ಎಚ್ಚರ ಅಗತ್ಯ. ಇಂದಿನ ಗೊಂಬೆಗಳು ಬಹುಪಾಲು ಆಡಿನ ಚರ್ಮದವಾದರೂ ಹಳೆಯ ಪೆಟ್ಟಿಗೆಗಳಲ್ಲಿ ಜಿಂಕೆಯ ಚರ್ಮದವೂ ಇರುತ್ತವೆ, ಅಂಥವುಗಳ ಖರೀದಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಅರಣ್ಯ ಇಲಾಖೆಯ ಲಿಖಿತ ಅಭಿಪ್ರಾಯ ಕೈಸೇರುವವರೆಗೆ ಮುಂಗಡವನ್ನೂ ಕೊಡಬಾರದು.

ಎರಡನೆಯದು ಒಡೆತನದ ಇತಿಹಾಸ. ವಸ್ತು ಯಾರಿಂದ ಯಾರಿಗೆ ಬಂತು ಎಂಬುದನ್ನು ಇಸವಿಸಹಿತ ಬರೆದು, ಆಸ್ತಿ ಪಾಲಾಗಿರದ ಮನೆತನವಾದರೆ ವಾರಸುದಾರರೆಲ್ಲರ ಸಹಿ ಪಡೆಯಬೇಕು. ಹಿರಿಯಣ್ಣನೊಬ್ಬ ಒಪ್ಪಿದರೆ ಸಾಲದು. ರಾಯಚೂರು, ಕೊಪ್ಪಳಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿಯೂ ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿಯೂ ಇದ್ದುದರಿಂದ ಆಧಾರಪತ್ರಗಳು ಉರ್ದು, ತೆಲುಗು ಅಥವಾ ಇಂಗ್ಲಿಷಿನಲ್ಲಿರಬಹುದು, ಅವನ್ನು ಓದಿಸಿ ಅನುವಾದ ಮಾಡಿಸುವ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಬೇಕು. ಪತ್ರ, ದಿನಚರಿಗಳನ್ನು ಕೊಳ್ಳುವವರು ಇನ್ನೊಂದನ್ನು ಮರೆಯುತ್ತಾರೆ: ಕಾಗದ ಕೊಂಡ ಮಾತ್ರಕ್ಕೆ ಕೃತಿಸ್ವಾಮ್ಯ ಬರುವುದಿಲ್ಲ. ಅದು ಬರೆದವರು ತೀರಿಕೊಂಡ ನಂತರವೂ ಸಾಮಾನ್ಯವಾಗಿ 60 ವರ್ಷ ವಾರಸುದಾರರಲ್ಲಿ ಉಳಿಯುತ್ತದೆ, ಆದ್ದರಿಂದ ಪ್ರಕಟಣೆಯ ಅನುಮತಿಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.

ಅರ್ಜಿ ಯಾರಿಗೆ ಎಂಬ ಪ್ರಶ್ನೆ ಇದಾದ ಮೇಲೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಂಗ್ರಹಾಲಯ, ಪತ್ರಾಗಾರಗಳಿಗೆ ಖರೀದಿಗೆಂದೇ ಮೀಸಲಾದ ನಿಧಿಯೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಮೂಲಕ 1881ರಿಂದ ನಡೆದುಬಂದಿದೆ, ಆಗಲೇ ಕೊಂಡ ವಸ್ತುವಿಗೆ ಅದು ಹಣ ಕೊಡುವುದಿಲ್ಲ. ನಮ್ಮಲ್ಲಿ ಕೆಲಸವನ್ನು ಬಿಡಿಸಿ, ಒಂದೊಂದು ಭಾಗಕ್ಕೆ ಒಂದೊಂದು ಕಡೆ ಹಣ ಕೇಳಬೇಕಾಗುತ್ತದೆ. ಸಂಗ್ರಹಾಲಯದ ಅಭಿವೃದ್ಧಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಅನುದಾನ ಯೋಜನೆಯಿದೆ. ಹಸ್ತಪ್ರತಿ ಹಾಗೂ ಅಪರೂಪದ ಪುಸ್ತಕಗಳ ಸಂರಕ್ಷಣೆಗೆ ರಾಷ್ಟ್ರೀಯ ಪತ್ರಾಗಾರದ ನೆರವಿದೆ. ಬ್ರಿಟಿಷ್ ಲೈಬ್ರರಿಯ ಅಪಾಯದಲ್ಲಿರುವ ದಾಖಲೆಗಳ ಯೋಜನೆ ಡಿಜಿಟಲೀಕರಣಕ್ಕೆ ಹಣ ನೀಡುತ್ತದೆಯೇ ಹೊರತು ಖರೀದಿಗಲ್ಲ. ವಿದೇಶಿ ಹಣ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿಯೂ ಬೇಕು.

ಖರೀದಿಯ ಹಣಕ್ಕೆ ನಮ್ಮ ಭಾಗದ ದೊಡ್ಡ ಉದ್ಯಮಗಳ ಬಾಗಿಲು ತಟ್ಟುವುದೇ ಹತ್ತಿರದ ದಾರಿ ಎಂಬುದು ನನ್ನ ಅಭಿಪ್ರಾಯ. 2013ರ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಯೂ ಸೇರಿರುವುದರಿಂದ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಾಗಲಿ ಹಟ್ಟಿಯ ಚಿನ್ನದ ಗಣಿಯಾಗಲಿ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವನ್ನು ಇದಕ್ಕೆ ಕೊಡಲು ಕಾನೂನಿನ ಅಡ್ಡಿಯಿಲ್ಲ. ಪಡೆಯುವ ಟ್ರಸ್ಟ್ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿರಬೇಕು, ಆದಾಯ ತೆರಿಗೆ ಇಲಾಖೆಯ ದತ್ತಿ ಸಂಸ್ಥೆ ನೋಂದಣಿ ಮತ್ತು ದಾನಿಗಳಿಗೆ ತೆರಿಗೆ ರಿಯಾಯಿತಿಯ ಪತ್ರಗಳು (1961ರ ಕಾಯ್ದೆಯಲ್ಲಿ 12ಎ, 80ಜಿ) ಸಿದ್ಧವಿರಬೇಕು. ಸ್ವಯಂಸೇವಾ ಸಂಸ್ಥೆಗಳು ಕೇಂದ್ರದ ಅನುದಾನ ಬೇಡುವುದಾದರೆ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಗುರುತಿನ ಸಂಖ್ಯೆಯನ್ನೂ ಪಡೆದಿರಬೇಕು.

ಇನ್ನು ಬರವಣಿಗೆ. ‘ಅತ್ಯಮೂಲ್ಯ’, ‘ಅಪರೂಪದ’ ಎಂಬ ವಿಶೇಷಣಗಳಿಂದ ಯಾರೂ ಕರಗುವುದಿಲ್ಲ. ಗರಿಗಳ ಸಂಖ್ಯೆ, ಅಳತೆ, ಲಿಪಿ, ಹುಳು ತಿಂದ ಭಾಗ, ಛಾಯಾಚಿತ್ರ, ಇದೇ ಪಠ್ಯ ಬೇರೆಲ್ಲಾದರೂ ಇದೆಯೇ ಎಂಬ ವಿಚಾರಣೆಯ ಫಲ, ಪರಸ್ಪರ ಸಂಬಂಧವಿಲ್ಲದ ಇಬ್ಬರು ತಜ್ಞರ ಬೆಲೆಯ ಅಂದಾಜು, ಇವಿಷ್ಟಿದ್ದರೆ ಅರ್ಜಿಗೆ ತೂಕ ಬರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಓಲೆಗರಿ ಒಣಗಿ ಮುರಿಯುವುದರಿಂದ ಪೆಟ್ಟಿಗೆ, ಬಟ್ಟೆ, ಎಣ್ಣೆ ಲೇಪನ, ಕೋಣೆಯ ವ್ಯವಸ್ಥೆಯ ವೆಚ್ಚವನ್ನು ಬೆಲೆಯ ಜೊತೆಗೇ ತೋರಿಸಬೇಕು. ಮಾರುವವರಿಂದ ‘ಇಂತಿಷ್ಟು ತಿಂಗಳು ಬೇರೆಯವರಿಗೆ ಕೊಡುವುದಿಲ್ಲ’ ಎಂಬ ಲಿಖಿತ ಒಪ್ಪಿಗೆ ಪಡೆದು ಲಗತ್ತಿಸಿದರೆ, ಮಂಜೂರಾತಿ ತಡವಾದರೂ ವಸ್ತು ಕೈತಪ್ಪುವುದಿಲ್ಲ.

ಹಣ ಬಂದ ಮೇಲೆ ಬ್ಯಾಂಕಿನ ಮೂಲಕವೇ ಪಾವತಿಸಿ, ವಸ್ತುವಿಗೆ ಸೇರ್ಪಡೆ ಸಂಖ್ಯೆ ಕೊಟ್ಟು, ದಾಸ್ತಾನು ಪುಸ್ತಕದಲ್ಲಿ ಅನುದಾನದ ಆದೇಶದ ದಿನಾಂಕದೊಂದಿಗೆ ನಮೂದಿಸಬೇಕು. ಕೇಂದ್ರದ ಹಣವಾದರೆ ಸಾಮಾನ್ಯ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕು, ಮತ್ತು ಆ ಹಣದಿಂದ ಕೊಂಡದ್ದನ್ನು ಮುಂದೆ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ.