ರಿಜಿಸ್ಟ್ರಿಗೆ ಮುಂಚಿನ ಹದಿನೈದು ದಿನ

ಮನೆ ಕೊಳ್ಳಲು ಅಗ್ರಿಮೆಂಟ್ ಆಗಿದೆ, ಮುಂಗಡ ಕೊಟ್ಟಾಗಿದೆ, ಮನೆಯಲ್ಲಿ ಆಗಲೇ ಗೃಹಪ್ರವೇಶಕ್ಕೆ ದಿನ ನೋಡುತ್ತಿದ್ದಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟು, ಸಹಿ ಎಂದು ಗಡಿಬಿಡಿ. ಅಲ್ಲಿ ನಿಂತು ಪತ್ರ ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ. ಓದುವುದೇನಿದ್ದರೂ ಅದಕ್ಕೆ ಮೊದಲೇ ಮುಗಿಯಬೇಕು.

1. ಇಸಿ ಇನ್ನೊಮ್ಮೆ ತೆಗೆಸಿ

ಇಸಿ ಅಂದರೆ ಆಸ್ತಿಯ ಮೇಲಿನ ವಹಿವಾಟು, ಸಾಲ ತೋರಿಸುವ ಋಣಭಾರ ಪತ್ರ. ಅಗ್ರಿಮೆಂಟ್ ಹೊತ್ತಿನದು ಈಗ ಹಳೆಯದು. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಅರ್ಜಿ ಹಾಕಿ. ನಮೂನೆ 15 ಬಂದರೆ ವಹಿವಾಟು ನಡೆದಿದೆ ಎಂದರ್ಥ. ಒಂದೊಂದನ್ನೂ ಮೂಲಪತ್ರದ ಜತೆ ತಾಳೆ ನೋಡಿ. ಬ್ಯಾಂಕಿನ ಅಡಮಾನ ಕಾಣಿಸಿ ಅದರ ಬಿಡುಗಡೆ ಕಾಣಿಸದಿದ್ದರೆ ಮುಂದುವರಿಯಬೇಡಿ. 'ಸಾಲ ತೀರಿಸಿ ವರ್ಷವಾಯ್ತು' ಎಂಬ ಬಾಯಿಮಾತು ಸಾಲದು. ನೋಂದಣಿಯಾಗದ ವಿಲ್ಲು, ಕೋರ್ಟಿನಲ್ಲಿರುವ ದಾವೆ ಇಸಿಯಲ್ಲಿ ಸಿಗುವುದು ಕಷ್ಟ. ಅದಕ್ಕೆ ವಕೀಲರೇ ಬೇಕು.

2. ಯಾರ್‍ಯಾರು ಸಹಿ ಹಾಕಬೇಕು?

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಕೇಳಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಅದರಲ್ಲಿದೆಯೇ ನೋಡಿ. 'ತಂಗೀರು ಏನೂ ಕೇಳಲ್ಲ ಬಿಡಿ' ಎಂಬ ಮಾತಿಗೆ ತಲೆಯಾಡಿಸಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಬಂದ ಮೇಲೆ ಮಗಳಿಗೂ ಮಗನಷ್ಟೇ ಹಕ್ಕು.

3. ಖಾತೆ

ಆಸ್ತಿ ಯಾರ ಹೆಸರಲ್ಲಿದೆ ಎಂಬ ಸ್ಥಳೀಯ ಸಂಸ್ಥೆಯ ದಾಖಲೆ ಇದು. ಪಾಲಿಕೆ ವ್ಯಾಪ್ತಿಯಲ್ಲಾದರೆ ಇ-ಖಾತೆ, ಪಂಚಾಯಿತಿಯಲ್ಲಾದರೆ ಇ-ಸ್ವತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೋಟದ ಜತೆ ಮನೆ ಕೊಳ್ಳುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಾರುವವರು 'ಬೆಟ್ಟವೂ ಸೇರಿ' ಎನ್ನುತ್ತಾರೆ. ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆಂದು ಬಿಟ್ಟ ಕಾಡಿನಲ್ಲಿ, ತೋಟದವರಿಗಿರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಮಾತ್ರ; ನೆಲ ಸರ್ಕಾರದ್ದು. ಮನೆಯೇ ಬೆಟ್ಟದಲ್ಲೋ ಬಗರ್‌ಹುಕುಂ ಜಾಗದಲ್ಲೋ (ಮಂಜೂರಾತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ನೆಲ) ಕೂತಿದ್ದರೆ ಸಕ್ರಮ ಕೋರಿದ ಅರ್ಜಿಯ ಸ್ವೀಕೃತಿ ಚೀಟಿ ಹಕ್ಕುಪತ್ರವಾಗುವುದಿಲ್ಲ.

4. ಕ್ರಯಪತ್ರದ ಕರಡು ಹಿಡಿದು ಮನೆ ಸುತ್ತಿ

ನನ್ನ ಮಟ್ಟಿಗೆ ಇದೇ ಮುಖ್ಯ ಹೆಜ್ಜೆ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ನಾವು ಶಿವಮೊಗ್ಗದಲ್ಲಿ ಮನೆ ಕೊಂಡಾಗ ಕರಡಿನ ಚಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಗಡಿಯ ವಿವರ) 'ಪೂರ್ವಕ್ಕೆ ರಸ್ತೆ' ಎಂದಿತ್ತು. ಬೆಳಿಗ್ಗೆ ಏಳೂವರೆಗೆ ಕಾಗದ ಹಿಡಿದು ಗೇಟಿನ ಹತ್ತಿರ ನಿಂತರೆ ಬಿಸಿಲು ಹಿತ್ತಿಲ ಕಡೆಯಿಂದ ಬರುತ್ತಿದೆ! ಹಿಂದಿನ ಪತ್ರದ ತಪ್ಪನ್ನೇ ಬರಹಗಾರರು ಇಳಿಸಿಕೊಂಡಿದ್ದರು. ಮಾರಿದವರು ಇರುವುದು ಪುಣೆಯಲ್ಲಿ. ನೋಂದಣಿ ಮುಗಿದ ಮೇಲೆ ಗೊತ್ತಾಗಿದ್ದರೆ ತಿದ್ದುಪಡಿ ಪತ್ರಕ್ಕೆ ಅವರನ್ನು ಮತ್ತೆ ಕರೆಸಬೇಕಿತ್ತು.

ಟೇಪು ಹಿಡಿದು ನಾಲ್ಕೂ ಕಡೆ ಅಳೆಯಿರಿ. ಹೆಸರಿನ ಇನಿಷಿಯಲ್ಲು ಆಧಾರ್, ಪ್ಯಾನ್, ಖಾತೆ ಮೂರರಲ್ಲೂ ಒಂದೇ ಇದೆಯೇ ನೋಡಿ. ಕರಡನ್ನು ಕಾವೇರಿಗೆ ಹಾಕಿ, ಅದು ಒಪ್ಪಿಗೆಯಾಗಿ, ಹಣ ಕಟ್ಟಿದ ಮೇಲೆಯೇ ದಿನ, ಹೊತ್ತು ಸಿಗುವುದು. ತಿದ್ದುವುದಿದ್ದರೆ ಹಾಕುವ ಮೊದಲೇ ತಿದ್ದಿ.

5. ಲೆಕ್ಕ

ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಹಳೇ ಲೆಕ್ಕ ಹಿಡಿದು ಹೋಗಬೇಡಿ. ಪಾಲಿಕೆ ವ್ಯಾಪ್ತಿಯ 40 ಲಕ್ಷದ ಸ್ವತಂತ್ರ ಮನೆಗೆ ಮುದ್ರಾಂಕ ಶುಲ್ಕ ಶೇ 5ರಂತೆ 2 ಲಕ್ಷ, ಅದರ ಮೇಲೆ ಶೇ 10 ಸೆಸ್ 20 ಸಾವಿರ, ಶೇ 2 ಸರ್ಚಾರ್ಜ್ 4 ಸಾವಿರ, ನೋಂದಣಿ 80 ಸಾವಿರ. ಒಟ್ಟು 3,04,000 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ನಿಮ್ಮ ವ್ಯಾಪಾರಕ್ಕಿಂತ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿಯುವ ಆದಾಯ ತೆರಿಗೆ) ಮುರಿದುಕೊಂಡು ಕಟ್ಟುವುದು ಕೊಳ್ಳುವವರ ಹೊಣೆ.

6. ಮಳೆಯಲ್ಲೊಮ್ಮೆ ಹೋಗಿ

ಬೇಸಿಗೆಯಲ್ಲಿ ಎಲ್ಲ ಮನೆಯೂ ಚೆಂದ. ಆಷಾಢದ ಮಳೆಯಲ್ಲಿ ಹೋದರೆ ಯಾವ ಗೋಡೆ ಬೆವರುತ್ತದೆ, ಯಾವ ಹೆಂಚು ಸೋರುತ್ತದೆ, ಹಿತ್ತಿಲ ಧರೆ ಎಷ್ಟು ಜಾರಿದೆ ಎಲ್ಲ ಕಾಣುತ್ತದೆ. ತುಂಗೆಯ ದಂಡೆಯ ಬಡಾವಣೆಯಾದರೆ 2019ರ ಆಗಸ್ಟ್ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತೆಂದು ಪಕ್ಕದ ಮನೆಯವರನ್ನು ಕೇಳಿ. ಮೆಸ್ಕಾಂ ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಕಂದಾಯದ ಬಾಕಿ ವಿಚಾರಿಸಿಕೊಳ್ಳಿ.

7. ಆ ದಿನ

ಗುರುತಿನ ಚೀಟಿಯ ಅಸಲು, ಇಬ್ಬರು ಸಾಕ್ಷಿಗಳು. ಕೊನೆಯ ಡಿಡಿಯನ್ನು ಮೂಲಪತ್ರಗಳು ಕೈಗೆ ಬಂದಾಗಲೇ ಕೊಡಿ. ಪಟ್ಟಿ ಮಾಡಿ, ಎಣಿಸಿ ತೆಗೆದುಕೊಳ್ಳಿ. ಬೀಗದ ಕೈಗಳನ್ನೂ ಹಾಗೆಯೇ. ಬಾವಿಯ ಪಂಪಿನ ಕೋಣೆಯದು ನಮಗೆ ಸಿಕ್ಕಿದ್ದು ಮೂರು ತಿಂಗಳಾದ ಮೇಲೆ.