ಪತ್ತಿನ ಸಂಘದ ಸಾಫ್ಟ್‌ವೇರ್: ಶುರು ಮಾಡಿದ್ದು ಅರ್ಜಿ ಫಾರ್ಮಿನಿಂದ

ಗದಗ ಜಿಲ್ಲೆಯ ಒಂದು ಪತ್ತಿನ ಸಂಘಕ್ಕೆ ಹೊಸ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ಹುಬ್ಬಳ್ಳಿಯ ನಮ್ಮ ಸಣ್ಣ ತಂಡಕ್ಕೆ ಬಂತು. ನಾನು ಮೊದಲು ಕೇಳಿದ್ದು ಅವರ ಸದಸ್ಯತ್ವ ಅರ್ಜಿಯ ಖಾಲಿ ಪ್ರತಿ. ಮಾಹಿತಿ ರಕ್ಷಣೆ ಅಂದರೆ ಪಾಸ್‌ವರ್ಡ್, ಫೈರ್‌ವಾಲ್ ಅಂತ ಮಾತು ಶುರುವಾಗುತ್ತದೆ. ನಮ್ಮ ಹತ್ತಿರ ಇಲ್ಲದ ಮಾಹಿತಿಗೆ ಅವ್ಯಾವೂ ಬೇಕಿಲ್ಲ.

ಅರ್ಜಿಯಲ್ಲಿ ಉಪಜಾತಿ, ಗಂಡನ ಉದ್ಯೋಗ, ಮಕ್ಕಳೆಷ್ಟು, ಎಲ್ಲವೂ ಇದ್ದವು. ಕಾರ್ಯದರ್ಶಿಯವರ ಎದುರು ಕುಳಿತು ಒಂದೊಂದನ್ನೇ ಕೇಳುತ್ತ ಹೋದೆ.

“ಇದನ್ನ ಯಾವಾಗರ ತೆಗೆದು ನೋಡೀರೇನ್ರಿ ಸರ?”

“ಇಲ್ಲ. ಇರ್ಲಿ ಬಿಡ್ರಿ, ಮುಂದ ಬೇಕಾಗ್ತೈತಿ.”

ಈ ‘ಇರ್ಲಿ ಬಿಡ್ರಿ’ ದಾಟುವುದೇ ದೊಡ್ಡ ಕೆಲಸ. ಯಾತಕ್ಕೆ ಬೇಕು, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ ಎಂಬ ಮೂರಕ್ಕೂ ಉತ್ತರವಿಲ್ಲದ ಅಂಕಣ ಡೇಟಾಬೇಸಿಗೆ ಬರುವುದಿಲ್ಲ ಎಂದು ಬರೆದುಕೊಂಡೆವು. ಉಪಜಾತಿ ಹೋಗಿ, ಲೆಕ್ಕಕ್ಕೆ ಬೇಕಾದ ವರ್ಗ ಮಾತ್ರ ಉಳಿಯಿತು. ಆಧಾರ್‌ನ ಮೊದಲ 8 ಅಂಕಿ ಮರೆಮಾಡಿದ ಪ್ರತಿಯನ್ನು ಆಧಾರ್ ನೀಡುವ ಸಂಸ್ಥೆಯಾದ ಯುಐಡಿಎಐ ತಾನೇ ಕೊಡುತ್ತದೆ. ನಾವೂ ಕೊನೆಯ 4 ಅಂಕಿಯನ್ನಷ್ಟೇ ಇಟ್ಟುಕೊಂಡೆವು.

ನಿರ್ದೇಶಕರಿಗೆ ಹ್ಯಾಕರ್‌ಗಳ ಹೆದರಿಕೆ, ನನಗೆ ಪಕ್ಕದ ಮನೆಯವರದು. ಇದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದಾಗಿನಿಂದ ಇಲ್ಲಿನ ಸಾಲ ನಡೆದಿರುವುದೇ ಒಬ್ಬರನ್ನೊಬ್ಬರು ಬಲ್ಲೆವೆಂಬ ಬಲದ ಮೇಲೆ. ಆದರೆ ಅದೇ ಪರಿಚಯದಿಂದ ಯಾರ ಸಾಲ ಎಷ್ಟು ಬಾಕಿ ಅನ್ನುವುದು ಕನ್ಯಾ ನೋಡುವ ಮಾತುಕತೆಯವರೆಗೂ ಹೋಗಿ ಮುಟ್ಟುತ್ತದೆ. ಯಾರು ಏನು ನೋಡಬಹುದು ಎಂಬುದಕ್ಕೇ ಹೆಚ್ಚು ಹೊತ್ತು ಕೊಟ್ಟದ್ದು ಅದಕ್ಕಾಗಿ.

ಪಿಗ್ಮಿ ಏಜೆಂಟರ ಮೊಬೈಲಿನಲ್ಲಿ ಅವರವರ ಲೈನಿನ ಗ್ರಾಹಕರ ಹೆಸರು, ಖಾತೆಯ ಕೊನೆಯ ಅಂಕಿಗಳು, ಇವತ್ತಿನ ಜಮೆ ಮಾತ್ರ. ಸಾಲದ ಸುದ್ದಿಯೇ ಇಲ್ಲ. “ಬ್ಯಾಲೆನ್ಸ್ ಎಷ್ಟೈತಿ ಅಂತ ಅಂಗಡಿಯವ್ರು ಕೇಳ್ತಾರಲ್ರಿ” ಎಂದು ಏಜೆಂಟರು ತಕರಾರು ತೆಗೆದರು. ನ್ಯಾಯವೇ. ಒಂದು ಗುಂಡಿ ಕೊಟ್ಟೆವು: ಏಜೆಂಟರು ಒತ್ತುತ್ತಾರೆ, ಬ್ಯಾಲೆನ್ಸ್ ಹೋಗುವುದು ಗ್ರಾಹಕರ ಫೋನಿಗೆ. ಮೊಬೈಲ್ ಕಳೆದರೆ ಆಫೀಸಿನಿಂದಲೇ ಆ ಲಾಗಿನ್ ಮುಚ್ಚಬಹುದು.

ನಿರ್ದೇಶಕರಿಗೆ ಒಟ್ಟು ಮೊತ್ತಗಳು ಕಾಣುತ್ತವೆ, ಒಬ್ಬೊಬ್ಬರ ಸಾಲ ಸಭೆಯ ಮುಂದೆ ಬಂದಾಗ ಮಾತ್ರ. ಹಿರಿಯರೊಬ್ಬರಿಗೆ ಸಿಟ್ಟು ಬಂತು: “ನಮಗೂ ತೋರ್ಸಂಗಿಲ್ಲೇನು?” “ತೋರಸ್ತೀವ್ರಿ ಯಜಮಾನ್ರ. ಯಾಕ ನೋಡಿದ್ರಿ ಅಂತನೂ ಬರಕೊಳ್ತೈತಿ” ಅಂದೆ. ಅವರೇ ನಕ್ಕುಬಿಟ್ಟರು. ಯಾರು ಯಾರ ಖಾತೆ ತೆಗೆದರು ಎಂಬ ದಾಖಲೆ ಇಂದಿಗೂ ಹಾಗೇ ಬೀಳುತ್ತಿದೆ.

ಎನ್‌ಕ್ರಿಪ್ಷನ್, ಬ್ಯಾಕಪ್‌ಗಳದ್ದು ಗೊತ್ತಿರುವ ಕೆಲಸ. ಆಫೀಸಿನ ಪೆನ್‌ಡ್ರೈವ್ ಮಾತ್ರ ಬಂದ್ ಮಾಡಿಸಿದೆವು. ಪರೀಕ್ಷೆಗೆ ನಿಜವಾದ ಸದಸ್ಯರ ಮಾಹಿತಿ ತರಲಿಲ್ಲ, ನಾವೇ ಊರು-ಹೆಸರು ಕಟ್ಟಿದೆವು. ನಮ್ಮ ಹುಡುಗರಿಗೆ ಅದರಲ್ಲಿ ಭಾರೀ ಖುಷಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲಿ ನೆರವಿಗೆ ಬಂತು. ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿಯವರೆಗೆ ದಂಡ ಎಂದಾಗ ಸಭೆ ಕಿವಿಗೊಟ್ಟಿತು. ಒಪ್ಪಿಗೆ ಕೇಳುವ ಸೂಚನೆ ಕನ್ನಡದಲ್ಲೂ ಸಿಗಬೇಕೆಂಬುದು ಅದರಲ್ಲೇ ಇದೆ. ನಮ್ಮದನ್ನು ಕೌಂಟರಿನಲ್ಲಿ ಗಟ್ಟಿಯಾಗಿ ಓದಿ ಹೇಳುವಷ್ಟು ಚಿಕ್ಕದು ಮಾಡಿದೆವು.

ಕಷ್ಟವಾದದ್ದು ಅಳಿಸುವುದು. ಸಾಲ ತೀರಿದರೂ ಲೆಕ್ಕದ ದಾಖಲೆ ಕಾನೂನು ಹೇಳಿದಷ್ಟು ಕಾಲ ಇರಲೇಬೇಕು. ಆದರೆ ಜಾಮೀನುದಾರರ ಉತಾರ (ಆಸ್ತಿಯ ದಾಖಲೆ), ಫೋಟೊ? ಅವನ್ನು ಲೆಕ್ಕದಿಂದ ಬೇರೆ ಕೋಷ್ಟಕದಲ್ಲಿಟ್ಟು, ಸಾಲ ಮುಗಿದ ದಿನದಿಂದ ಗಡುವು ಎಣಿಸುವಂತೆ ಮಾಡಿದೆವು. ಹಳೇ ಬ್ಯಾಕಪ್ ಮರಳಿ ಹಾಕಿದರೆ ಅಳಿಸಿದ್ದೆಲ್ಲ ವಾಪಸ್ ಬರುತ್ತದಲ್ಲ, ಅದಕ್ಕೆ ಅಳಿಸಿದ ದಾಖಲೆಗಳ ಕ್ರಮಸಂಖ್ಯೆಯ ಪಟ್ಟಿಯೊಂದು ಬೇರೆ ಇದೆ. ಬ್ಯಾಕಪ್ ಹಾಕಿದ ಮೇಲೆ ಆ ಪಟ್ಟಿಯಲ್ಲಿದ್ದದ್ದೆಲ್ಲ ಮತ್ತೆ ಅಳಿಯದೆ ಕೌಂಟರಿನ ಲಾಗಿನ್ ತೆರೆಯುವುದೇ ಇಲ್ಲ.